ಬಿಂಡಿಗನವಿಲೆಯ ವೆಂಕಟಾಚಾರ್ಯರು

ಕನ್ನಡ ಕಾದಂಬರಿಗೆ ಓದುಗರನ್ನು ಗಳಿಸಿಕೊಟ್ಟವರಲ್ಲಿ ಗಳಗನಾಥರೊಡನೆ ಸ್ಮರಿಸಬೇಕಾದ ಹೆಸರು ಬಿ. ವೆಂಕಟಾಚಾರ್ಯರದು. ಆ ಹೆಸರಿನ ಮೊದಲಕ್ಷರ ಸೂಚಿಸುವ ಬಿಂಡಿಗನವಿಲೆ ನಾಗಮಂಗಲ ತಾಲ್ಲೂಕಿನದು. ಗರುಡನ ಸನ್ನಿಧಿಯಿಂದ ಪ್ರಸಿದ್ಧವಾದ ಆ ಊರು ನಮ್ಮ ಚನ್ನರಾಯಪಟ್ಟಣಕ್ಕೆ ದೂರವೇನಲ್ಲ. ಆಚಾರ್ಯರು ಜನಿಸಿದ್ದು 1845ರಲ್ಲಿ, ಅಂದು ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲದಲ್ಲಿ.

ಮೈಸೂರು ಸಂಸ್ಥಾನದ ನೌಕರಿಯಲ್ಲಿದ್ದ ಅವರು ಸ್ವಪ್ರಯತ್ನದಿಂದ ಬಂಗಾಳಿಯನ್ನು ಕಲಿತರು. ಹೊಸಗನ್ನಡದಲ್ಲಿ ಗದ್ಯಕಥೆಯೆಂಬುದು ಇನ್ನೂ ಬೆರಳೆಣಿಕೆಯಷ್ಟಿದ್ದ ಕಾಲ ಅದು. 1876ರಲ್ಲಿ ಅವರ ‘ಭ್ರಾಂತಿವಿಲಾಸ’ ಕನ್ನಡಕ್ಕೆ ಬಂತು.

ಈ ಪುಟ್ಟ ಕೃತಿಯ ವಂಶಾವಳಿ ದೀರ್ಘವಾದದ್ದು. ಆಚಾರ್ಯರ ಮುಂದಿದ್ದುದು ಈಶ್ವರಚಂದ್ರ ವಿದ್ಯಾಸಾಗರರು 1869ರಲ್ಲಿ ಪ್ರಕಟಿಸಿದ ಬಂಗಾಳಿ ಕಥೆ. ವಿದ್ಯಾಸಾಗರರು ಅದನ್ನು ಪಡೆದದ್ದು ಷೇಕ್ಸ್‌ಪಿಯರನ ‘ಕಾಮೆಡಿ ಆಫ್ ಎರರ್ಸ್’ ನಾಟಕದಿಂದ. ಷೇಕ್ಸ್‌ಪಿಯರ್ ಪಡೆದದ್ದು ರೋಮಿನ ಪ್ಲಾಟಸ್ ಕವಿಯ ‘ಮೆನೆಕ್ಮಿ’ಯಿಂದ. ಪ್ಲಾಟಸ್ ತೀರಿಕೊಂಡದ್ದು ಕ್ರಿ. ಪೂ. 184ರಲ್ಲಿ. ಆ ಪ್ರಹಸನವನ್ನು ನಾನು ಓದಿರುವುದು ಇಂಗ್ಲಿಷ್ ಅನುವಾದದಲ್ಲಿ. ಬಾಲ್ಯದಲ್ಲಿ ಕಳೆದುಹೋದ ಅವಳಿ ಸೋದರನನ್ನು ಹುಡುಕುತ್ತ ಒಬ್ಬನು ಪರಸ್ಥಳಕ್ಕೆ ಬರುತ್ತಾನೆ; ಊರಿಗೆ ಊರೇ ಅವನನ್ನು ಆ ಸೋದರನೆಂದೇ ಬಗೆಯುತ್ತದೆ. ಷೇಕ್ಸ್‌ಪಿಯರ್ ಸೇವಕರನ್ನೂ ಅವಳಿಗಳನ್ನಾಗಿಸಿ ಗೊಂದಲವನ್ನು ಇಮ್ಮಡಿಗೊಳಿಸಿದನು. ವಿದ್ಯಾಸಾಗರರು ಪಾತ್ರಗಳಿಗೆ ಚಿರಂಜೀವ, ಕಿಂಕರ ಎಂದು ನಮ್ಮ ದೇಶದ ಹೆಸರುಗಳನ್ನಿಟ್ಟು ನಾಟಕವನ್ನು ಗದ್ಯಕ್ಕೆ ತಿರುಗಿಸಿದರು.

ಹಾಸನದಲ್ಲಿ ನಾನು ಪಾಠ ಹೇಳುವ ತರಗತಿಗೆ ಹೊಳೆನರಸೀಪುರ, ಅರಕಲಗೂಡುಗಳಿಂದಲೂ ವಿದ್ಯಾರ್ಥಿಗಳು ಬರುತ್ತಾರೆ. ಪರೀಕ್ಷೆಯ ಉತ್ತರಗಳಲ್ಲಿ ಅವರು ಆಚಾರ್ಯರನ್ನು ಅನುವಾದಕರೆಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುವುದುಂಟು. ಸ್ವಂತದ್ದೇನೂ ಇಲ್ಲವೆಂಬ ತಾತ್ಸಾರ ಆ ಮಾತಿನೊಳಗೆ ಅಡಗಿದೆ. ಈ ತೀರ್ಪನ್ನು ನಾನು ಒಪ್ಪಲಾರೆ. ಪ್ಲಾಟಸನೇ ಗ್ರೀಕ್ ಪ್ರಹಸನಗಳನ್ನು ಲ್ಯಾಟಿನ್ನಿಗೆ ತಂದವನು. ಗ್ರೀಕರ ದೃಷ್ಟಿಯಲ್ಲಿ ಲ್ಯಾಟಿನ್ ಬರ್ಬರರ ನುಡಿ. ಆ ನುಡಿಗೇ ಕೃತಿಯನ್ನು ತಿರುಗಿಸಿರುವೆನೆಂದು ಒಂದು ನಾಟಕದ ಪೀಠಿಕೆಯಲ್ಲಿ ಆತನು ನಗುತ್ತಲೇ ಸಾರಿದ್ದಾನೆ. ಅನುವಾದವೆಂಬ ಕಾರಣಕ್ಕೆ ಆಚಾರ್ಯರನ್ನು ಹಿಂದೆ ಸರಿಸುವುದಾದರೆ, ಈ ಸಾಲಿನಲ್ಲಿ ಮುಂದೆ ನಿಲ್ಲುವವರು ಯಾರು? ಬೇರೊಂದು ಭಾಷೆಯ ಕಥೆ ತನ್ನ ಜನರ ಬಾಯಲ್ಲಿ ಹೇಗೆ ನುಡಿದೀತೆಂದು ಕಾಣುವುದೂ ಪ್ರತಿಭೆಯೇ.

ಮುಂದೆ ಆಚಾರ್ಯರು ಬಂಕಿಮಚಂದ್ರರ ಕಡೆಗೆ ತಿರುಗಿದರು. 1885ರಲ್ಲಿ ‘ದುರ್ಗೇಶನಂದಿನಿ’ ಹೊರಬಂತು. ‘ಆನಂದಮಠ’, ‘ವಿಷವೃಕ್ಷ’ ಮೊದಲಾದವು ಹಿಂಬಾಲಿಸಿದವು. ಅವರ ಶೈಲಿ ಸಂಸ್ಕೃತಭೂಯಿಷ್ಠವಾದದ್ದು. ಇಂದಿನ ಓದುಗನಿಗೆ ಅದು ಭಾರವೆನಿಸಿದರೆ ಆಶ್ಚರ್ಯವಿಲ್ಲ. ಆದರೂ ಅಂದಿನ ಮನೆಮನೆಗಳಲ್ಲಿ ಆ ಪುಸ್ತಕಗಳನ್ನು ಆಸಕ್ತಿಯಿಂದ ಓದಿದರು. ಕಾದಂಬರಿ ಓದುವ ಅಭ್ಯಾಸ ನಾಡಿನಲ್ಲಿ ಬೇರೂರಿತು. ಸ್ವತಂತ್ರ ಕಾದಂಬರಿಕಾರರು ಬಂದಾಗ ಅವರಿಗೆ ಓದುಗರು ಸಿದ್ಧವಾಗಿದ್ದರು.

1914ರಲ್ಲಿ ಆಚಾರ್ಯರು ತೀರಿಕೊಂಡರು. ಹೊಲವನ್ನು ಹದಮಾಡಿದವನ ಹೆಸರನ್ನು ಸುಗ್ಗಿಯ ಕಾಲದಲ್ಲಿ ಮರೆಯುವುದು ಸುಲಭ. ನಾವು ಮರೆಯಬಾರದು.