ರಾಬರ್ಟ್ ಬಾಷ್: ಮೋಟಾರಿಗೆ ಕಿಡಿ ಕೊಟ್ಟವರು

ಮೋಟಾರಿನಲ್ಲಿ ಕುಳಿತು ಹೋಗುವವರು ನಾವು ಬಹುಮಂದಿ. ಅದರ ಬಾನೆಟ್ಟನ್ನೆತ್ತಿ ಒಳಗೆ ನೋಡುವವರು ಕೆಲವರೇ. ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಲೆಕ್ಕ ಬರೆಯುವ ನಮಗೂ ಯಂತ್ರವಿದ್ಯೆಗೂ ದೂರವೇ ಸರಿ. ಆದರೆ ಬೆಂಗಳೂರನ್ನು ಬಲ್ಲವರೆಲ್ಲ ಆಡುಗೋಡಿಯ ಮೈಕೋ ಕಾರ್ಖಾನೆಯ ಹೆಸರನ್ನು ಕೇಳಿಯೇ ಇರುತ್ತಾರೆ. ಆ ಕಾರ್ಖಾನೆಯ ಮೂಲಪುರುಷರೆನ್ನಬಹುದಾದ ಜರ್ಮನಿಯ ರಾಬರ್ಟ್ ಬಾಷರ ಬಾಳನ್ನು ವಾಚಕರ ಮುಂದಿಡಲು ಇಲ್ಲಿ ಯತ್ನಿಸಿದ್ದೇವೆ.

ಬಾಷರು ಹುಟ್ಟಿದ್ದು 1861ನೆಯ ಇಸವಿ ಸೆಪ್ಟೆಂಬರ್ 23ರಂದು, ಉಲ್ಮ್ ಪಟ್ಟಣದ ಬಳಿಯ ಆಲ್ಬೆಕ್ ಎಂಬ ಹಳ್ಳಿಯಲ್ಲಿ. ತಂದೆ ಅನುಕೂಲವಂತ ಒಕ್ಕಲಿಗರು. ಜೊತೆಗೆ ಊರಿನಲ್ಲಿ ಒಂದು ವಸತಿಗೃಹವನ್ನೂ ನಡೆಸುತ್ತಿದ್ದರು. ಹನ್ನೆರಡು ಮಕ್ಕಳಲ್ಲಿ ರಾಬರ್ಟ್ ಹನ್ನೊಂದನೆಯವರು. ಉಲ್ಮಿನಲ್ಲಿ ಸೂಕ್ಷ್ಮಯಂತ್ರಗಳ ಕೆಲಸ ಕಲಿತು, ಊರೂರು ತಿರುಗಿ ದುಡಿದು, 1884ರಲ್ಲಿ ಅಮೇರಿಕೆಗೆ ಹೋಗಿ ಎಡಿಸನ್ನರ ಕಾರ್ಖಾನೆಯಲ್ಲಿಯೂ, ಅನಂತರ ಇಂಗ್ಲೆಂಡಿನಲ್ಲಿ ಸೀಮೆನ್ಸ್ ಸಹೋದರರಲ್ಲಿಯೂ ಕೆಲಸ ಮಾಡಿದರು.

1886ರ ನವೆಂಬರ್ 15ರಂದು ಸ್ಟುಟ್‌ಗಾರ್ಟ್ ನಗರದಲ್ಲಿ ಸ್ವಂತ ವರ್ಕ್‌ಷಾಪನ್ನು ತೆರೆದರು. ಜೊತೆಗಿದ್ದವರು ಒಬ್ಬ ಮೆಕ್ಯಾನಿಕ್, ಒಬ್ಬ ಹುಡುಗ. ಟೆಲಿಫೋನು ಜೋಡಿಸುವುದು, ಕರೆಗಂಟೆ ಕಟ್ಟುವುದು, ಇಂಥ ಚಿಲ್ಲರೆ ಕೆಲಸವೇ ಆಗ ಜೀವನಾಧಾರ. ಸಾಲ ಏರಿತು, ಒಂದು ಹಂತದಲ್ಲಿ ಕೆಲಸಗಾರರಲ್ಲಿ ಬಹುಮಂದಿಯನ್ನು ಬಿಡಬೇಕಾಯಿತು. ಇಂಥ ಲೆಕ್ಕದ ಪುಸ್ತಕ ನಮ್ಮ ಮೇಜಿಗೆ ಬಂದಿದ್ದರೆ ಇನ್ನಷ್ಟು ಸಾಲ ಕೊಡಬಹುದೆಂದು ನಾವು ಧೈರ್ಯವಾಗಿ ಬರೆಯುತ್ತಿದ್ದೆವೋ ಇಲ್ಲವೋ!

ಅವರನ್ನು ಉಳಿಸಿದ್ದು ಕಿಡಿ. ಪೆಟ್ರೋಲಿನ ಆವಿ ಗಾಳಿಯೊಡನೆ ಬೆರೆತು ಸಿಲಿಂಡರಿನಲ್ಲಿ ಅದುಮಿಕೊಂಡಾಗ, ತಕ್ಕ ಕ್ಷಣದಲ್ಲಿ ಒಂದು ಕಿಡಿ ಹಾರಬೇಕು. ಮೊದಲೇ ಹಾರಿದರೆ ಎಂಜಿನ್ ಬಡಿಯುತ್ತದೆ. ತಡವಾದರೆ ಬಲ ಸೋರಿಹೋಗುತ್ತದೆ. 1887ರಲ್ಲಿ ಗಿರಾಕಿಯೊಬ್ಬರ ಬೇಡಿಕೆಯಂತೆ ಬಾಷರು ನೆಲಕ್ಕೆ ಕೂರಿಸಿದ ಎಂಜಿನ್ನಿಗೆ ಮ್ಯಾಗ್ನೆಟೊ ಮಾಡಿಕೊಟ್ಟಿದ್ದರು. ಆದರೆ ಮೋಟಾರಿನ ವೇಗಕ್ಕೆ ಅದು ಸಾಲದು. 1897ರಲ್ಲಿ ಅವರ ಫೋರ್‌ಮನ್ ಆರ್ನಾಲ್ಡ್ ಝೇರಿಂಗರ್ ಅದನ್ನು ಸುಧಾರಿಸಿ ಮೂರು ಚಕ್ರದ ವಾಹನಕ್ಕೆ ಹೊಂದಿಸಿದರು. ಗಾಟ್‌ಲೋಬ್ ಹೋನೋಲ್ಡ್ ಹೆಚ್ಚಿನ ವೋಲ್ಟೇಜಿನ ಮ್ಯಾಗ್ನೆಟೊವನ್ನೂ ಅದಕ್ಕೊಪ್ಪುವ ಸ್ಪಾರ್ಕ್ ಪ್ಲಗ್ಗನ್ನೂ ಸಿದ್ಧಪಡಿಸಿದರು; 1902ರಲ್ಲಿ ಅದಕ್ಕೆ ಪೇಟೆಂಟು ದೊರೆಯಿತು. ಬುದ್ಧಿವಂತರನ್ನು ಗುರುತಿಸಿ ಅವರ ಕೈಗೆ ಕೆಲಸ ಬಿಟ್ಟುಕೊಟ್ಟದ್ದೇ ಬಾಷರ ದೊಡ್ಡ ಗುಣವೆಂದು ನಮಗೆ ತೋರುತ್ತದೆ.

ಕಛೇರಿಯ ನೆಲದ ಮೇಲೆ ಬಿದ್ದ ಕಾಗದದ ಕ್ಲಿಪ್ಪನ್ನು ಎತ್ತಿಕೊಂಡು, ಇದು ತನ್ನ ಹಣವೆಂದು ನೌಕರನಿಗೆ ನೆನಪಿಸಿದರೆಂಬ ಕಥೆ ಪ್ರಸಿದ್ಧವಾಗಿದೆ. ಹಾಗೆಂದು ಅವರು ಜಿಪುಣರಲ್ಲ. ಒಂದು ಲಕ್ಷದ ಮ್ಯಾಗ್ನೆಟೊ ಹೊರಬಂದ 1906ರಲ್ಲಿ ಎಂಟು ಗಂಟೆಯ ದುಡಿಮೆಯನ್ನು ಜಾರಿಗೆ ತಂದರು. 1910ರಿಂದ ಶನಿವಾರ ಮಧ್ಯಾಹ್ನ ರಜೆ ಕೊಟ್ಟರು. ಇತರ ಮಾಲೀಕರು ಅವರನ್ನು ಕೆಂಪು ಬಾಷ್ ಎಂದು ಹಂಗಿಸಿದರು. ಅಂಥವರ ಕಾರ್ಖಾನೆಯಲ್ಲಿಯೂ 1913ರಲ್ಲಿ ಮುಷ್ಕರವಾಯಿತು. ಅದು ಅವರ ಮನಸ್ಸನ್ನು ನೋಯಿಸಿತು. 1921ರಲ್ಲಿ ಮಗ ರಾಬರ್ಟ್ ದೀರ್ಘರೋಗದಿಂದ ತೀರಿಕೊಂಡನು.

ಮೊದಲನೆಯ ಮಹಾಯುದ್ಧದಲ್ಲಿ ಬಂದ ಲಾಭದ ದೊಡ್ಡ ಪಾಲನ್ನು ಅವರು ದಾನಮಾಡಿದರು. ಅದರಲ್ಲಿ ಬಹಳಷ್ಟು ನೆಕ್ಕಾರ್ ನದಿಯ ಜಲಮಾರ್ಗಕ್ಕೆ ಹೋಯಿತು. 1940ರಲ್ಲಿ ಸ್ಟುಟ್‌ಗಾರ್ಟಿನಲ್ಲಿ ಅವರ ಹೆಸರಿನ ಆಸ್ಪತ್ರೆ ತೆರೆಯಿತು. ಆದರೆ ಇನ್ನೊಂದು ಬದಿಯನ್ನು ಮುಚ್ಚಿಡಲಾಗದು. ಹಿಟ್ಲರನ ಕಾಲದಲ್ಲಿ ಅವರು ಯೆಹೂದ್ಯರಿಗೆ ನೆರವಾದರು, ಹಿಟ್ಲರನ ವಿರೋಧಿಯಾದ ಗೋರ್ಡೆಲರನಿಗೆ ಆಸರೆಯಾದರು. ಅದೇ ಕಾಲದಲ್ಲಿ ಅವರ ಕಾರ್ಖಾನೆಗಳು ಯುದ್ಧಸಾಮಗ್ರಿಯನ್ನು ತಯಾರಿಸಿದವು; ಬಲವಂತವಾಗಿ ತಂದ ಸಾವಿರಾರು ಜನರು ಅಲ್ಲಿ ದುಡಿದರು. ಜಮೆಯ ಪುಟವನ್ನು ಓದಿ ಖರ್ಚಿನ ಪುಟವನ್ನು ಬಿಡುವುದು ನಮ್ಮ ವೃತ್ತಿಗೆ ಒಪ್ಪದ ಮಾತು. 1942ರ ಮಾರ್ಚ್ 12ರಂದು ಅವರು ತೀರಿಕೊಂಡಾಗ, ಅವರು ಮೆಚ್ಚದ ಆ ಸರ್ಕಾರವೇ ಸಕಲ ಗೌರವದೊಡನೆ ಅವರ ಅಂತ್ಯಕ್ರಿಯೆಯನ್ನು ನಡೆಸಿತು.

ಕಿಡಿಯ ಕಥೆ ಅಲ್ಲಿಗೆ ಮುಗಿಯಲಿಲ್ಲ. ಅಮೇರಿಕೆಯ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಬ್ಯಾಟರಿ ಮತ್ತು ಕಾಯಿಲಿನ ಪದ್ಧತಿ ಮ್ಯಾಗ್ನೆಟೊವನ್ನು ಕಾರುಗಳಿಂದ ಹಿಂದಕ್ಕೆ ಸರಿಸಿತು. 1925ರಲ್ಲಿ ಬಾಷ್ ಸಂಸ್ಥೆಯೂ ಅದನ್ನು ತಯಾರಿಸತೊಡಗಿತು. ಇದರಲ್ಲಿ ಪಾಯಿಂಟುಗಳೆಂಬ ಎರಡು ಲೋಹದ ತುಂಡುಗಳು ಕೂಡಿ ಬಿಡುತ್ತವೆ. ಅವು ಬಿಟ್ಟಾಗ ಕಾಯಿಲಿನಲ್ಲಿ ಹರಿಯುವ ವಿದ್ಯುತ್ತು ತಟ್ಟನೆ ನಿಂತು, 12 ವೋಲ್ಟಿನ ಬ್ಯಾಟರಿಯಿಂದಲೇ 20,000 ವೋಲ್ಟಿಗೂ ಮಿಕ್ಕಿದ ಒತ್ತಡ ಹುಟ್ಟಿ ಕಿಡಿ ಹಾರುತ್ತದೆ. ನಾಲ್ಕು ಸಿಲಿಂಡರಿನ ಕಾರಿನ ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗಿದರೆ ಸೆಕೆಂಡಿಗೆ 100 ಕಿಡಿ ಬೇಕು. ಹೀಗೆ ದುಡಿದು ದುಡಿದು ಪಾಯಿಂಟುಗಳು ಸುಟ್ಟು ಸವೆಯುತ್ತವೆ. ಹಿಂದಿನ ಟ್ಯಾಕ್ಸಿಯವರು ಅವನ್ನು ಮರಳುಕಾಗದದಿಂದ ಉಜ್ಜುತ್ತ ನಿಂತಿರುತ್ತಿದ್ದುದು ಇದರಿಂದಲೇ. ಎಲೆಕ್ಟ್ರಾನಿಕ್ ಪದ್ಧತಿಯಲ್ಲಿ ಈ ಕೆಲಸವನ್ನು ಟ್ರಾನ್ಸಿಸ್ಟರು ಮಾಡುತ್ತದೆ, ಅದಕ್ಕೆ ಸವೆತವಿಲ್ಲ. ತಿರುಗುವ ಚಕ್ರದ ಹಲ್ಲನ್ನು ಸೆನ್ಸರು ಗುರುತಿಸುತ್ತದೆ. ವೇಗವನ್ನೂ ಭಾರವನ್ನೂ ಎಣಿಸಿ ಕಿಡಿಯ ಕ್ಷಣವನ್ನು ಸಣ್ಣದೊಂದು ಕಂಪ್ಯೂಟರು ನಿರ್ಧರಿಸುತ್ತದೆ. ಬಾಷ್ ಸಂಸ್ಥೆ 1979ರಲ್ಲಿ ಹೊರತಂದ ಮೋಟ್ರಾನಿಕ್ ಸಾಧನವು ಕಿಡಿಯನ್ನೂ ಪೆಟ್ರೋಲನ್ನೂ ಒಟ್ಟಿಗೆ ಆಳಿತು.

1951ರಲ್ಲಿ ಸ್ಥಾಪನೆಯಾದ ಮೈಕೋ ಸಂಸ್ಥೆಯು ಸ್ಪಾರ್ಕ್ ಪ್ಲಗ್ಗನ್ನೂ ಡೀಸೆಲ್ ಪಂಪನ್ನೂ ತಯಾರಿಸಿ ಸಾವಿರಾರು ಕನ್ನಡಿಗರ ಮನೆಗಳಿಗೆ ಅನ್ನವಾಯಿತು. 2008ರಲ್ಲಿ ಅದರ ಹೆಸರು ಬಾಷ್ ಎಂದು ಬದಲಾದರೂ ಬೆಂಗಳೂರಿನ ಬಡಾವಣೆಯೊಂದಕ್ಕೆ ಮೈಕೋ ಹೆಸರು ಉಳಿದಿದೆ. ದೂರದ ಆಲ್ಬೆಕ್ಕಿನ ಒಕ್ಕಲಿಗರ ಮಗನನ್ನು ನಾವು ನೆನೆಯುವುದು ಈ ಅನ್ನದ ಋಣಕ್ಕಾಗಿ. ಮುಂದಿನ ಬಾರಿ ಕೀಲಿ ತಿರುಗಿಸಿದೊಡನೆ ಕಾರು ಹೊರಟರೆ, ಒಳಗೆ ಹಾರಿದ ಆ ಕಿಡಿಯನ್ನೂ ಅದರ ಹಿಂದಿನ ದುಡಿಮೆಗಾರರನ್ನೂ ವಾಚಕರು ಒಮ್ಮೆ ನೆನೆದರೆ ನಮ್ಮ ಶ್ರಮ ಸಾರ್ಥಕ.