ಇಂದಿನ ಧಮ್ಮಚಿಂತನೆ: ತಕ್ಷಶಿಲೆಯಲ್ಲಿ ಜೀವಕ ಕಲಿಯದ ಪಾಠ



ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಗ ವೈದ್ಯ. ಮೊನ್ನೆ ಮನೆಗೆ ಬಂದಿದ್ದ. ಕಾಯಿಲೆ ಗುರುತಿಸುವುದನ್ನು ಕಾಲೇಜಿನಲ್ಲಿ ಕಲಿತನಂತೆ. ಸಾಲಿನಲ್ಲಿ ಕಾದವರಿಗೆ ಇವತ್ತು ಆಗುವುದಿಲ್ಲ ಎನ್ನುವುದನ್ನು ಮಾತ್ರ ಯಾರೂ ಕಲಿಸಲಿಲ್ಲವಂತೆ. ನಾನು ಅವನಿಗೆ ವಿನಯಪಿಟಕದ ಮಹಾವಗ್ಗದಲ್ಲಿ ಬರುವ ಜೀವಕನ ಕಥೆ ಹೇಳಿದೆ.

ಜೀವಕ ರಾಜಗೃಹದ ಕಸದ ರಾಶಿಯಲ್ಲಿ ಸಿಕ್ಕ ಕೂಸು. ಇನ್ನೂ ಜೀವವಿದೆಯೆಂದು ತಿಳಿದು ರಾಜಕುಮಾರ ಅಭಯ ಸಾಕಿಕೊಂಡ. ಅದರಿಂದಲೇ ಆ ಹೆಸರು. ಬೆಳೆದ ಮೇಲೆ ತಕ್ಷಶಿಲೆಯಲ್ಲಿ 7 ವರ್ಷ ವೈದ್ಯ ಕಲಿತ. ಓದು ಮುಗಿಯುವುದು ಎಂದಿಗೆ ಎಂದು ಕೇಳಿದಾಗ, ಒಂದು ಯೋಜನ ಸುತ್ತಾಡಿ ಔಷಧವಲ್ಲದ ಗಿಡ ತರಲು ಗುರುಗಳು ಕಳಿಸಿದರು. ಬರಿಗೈಯಲ್ಲಿ ಮರಳಿದ. ಅಲ್ಲಿಗೆ ಓದು ಮುಗಿಯಿತು.

ಮುಂದಿನದನ್ನು ಕಲಿಸಿದವರು ರೋಗಿಗಳು. ಸಾಕೇತದಲ್ಲಿ 7 ವರ್ಷದಿಂದ ತಲೆನೋವಿದ್ದ ಶ್ರೇಷ್ಠಿಯ ಹೆಂಡತಿಗೆ ತುಪ್ಪದ ನಸ್ಯ ಕೊಟ್ಟ. ಬಾಯಿಗಿಳಿದ ತುಪ್ಪವನ್ನು ಆಕೆ ಉಗುಳಿ, ಅದನ್ನು ಹತ್ತಿಯಲ್ಲಿ ಎತ್ತಿಡಿಸಿದಳು. ಇಷ್ಟು ಜಿಪುಣಿ ತನಗೇನು ಕೊಟ್ಟಾಳು ಎಂದು ಜೀವಕನ ಮುಖ ಬಾಡಿತು. ಅದು ಆಳುಗಳ ಕಾಲಿಗೆ ಹಚ್ಚಲೋ ದೀಪಕ್ಕೋ ಆಗುತ್ತದೆಂದು ಆಕೆಯೇ ತಿಳಿಹೇಳಿದಳು. ಗುಣವಾದ ಮೇಲೆ ಆ ಮನೆಯಿಂದ ಅವನಿಗೆ ಬಂದದ್ದು 16,000. ರೋಗಿಯನ್ನು ಅಳೆಯಲು ಆತುರಪಡಬಾರದೆಂದು ಅಂದು ಕಲಿತಿರಬೇಕು.

ಕೊನೆಯ ಪಾಠ ಕಠಿಣ. ಮಗಧದಲ್ಲಿ ಕುಷ್ಠ, ಕ್ಷಯ, ಅಪಸ್ಮಾರ ಸೇರಿ 5 ರೋಗಗಳು ಹಬ್ಬಿದವು. ಆಸ್ತಿಯನ್ನೆಲ್ಲ ಕೊಟ್ಟು ಆಳಾಗಿರುತ್ತೇವೆಂದು ಜನ ಜೀವಕನ ಕಾಲು ಹಿಡಿದರು. ರಾಜ ಬಿಂಬಿಸಾರ, ಅಂತಃಪುರ, ಭಿಕ್ಖುಸಂಘ ಇಷ್ಟನ್ನೇ ನೋಡಲು ಸಮಯ ಸಾಲದೆಂದು ಅವನು ಒಪ್ಪಲಿಲ್ಲ. ಆಗ ರೋಗಿಗಳು ಚೀವರ ತೊಟ್ಟು ಸಂಘ ಸೇರಿದರು. ಚಿಕಿತ್ಸೆ ಪಡೆದು, ಗುಣವಾದೊಡನೆ ಚೀವರ ಕಳಚಿ ಮನೆಗೆ ಹೋದರು. ಅಂಥವನೊಬ್ಬ ಎದುರಾದಾಗ ಜೀವಕನಿಗೆ ವಿಷಯ ತಿಳಿಯಿತು. ನೊಂದು ಭಗವಾನರ ಬಳಿ ಹೇಳಿಕೊಂಡ. ಈ ರೋಗಗಳುಳ್ಳವರಿಗೆ ಪಬ್ಬಜ್ಜೆ ಕೊಡಬಾರದೆಂಬ ನಿಯಮ ಬಂತು. ಇಂದಿಗೂ ಉಪಸಂಪದೆಯಲ್ಲಿ ಈ 5 ರೋಗಗಳ ಬಗ್ಗೆ ಕೇಳುತ್ತಾರೆ.

ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ನಿಯಮದಿಂದ ಸಂಘ ಉಳಿಯಿತು, ಆದರೆ ರೋಗಿಗಳಿಗಿದ್ದ ಆ ಒಂದು ಬಾಗಿಲೂ ಮುಚ್ಚಿತು. ಅವರು ಸುಳ್ಳು ಹೇಳಿದ್ದು ಬದುಕುವ ಆಸೆಗೆ. ಜೀವಕ ಒಲ್ಲೆ ಎಂದದ್ದೂ ಅಹಂಕಾರದಿಂದಲ್ಲ, ಅವನಿಗಿದ್ದದ್ದೂ ಎರಡೇ ಕೈ. ಅಷ್ಟು ದೊಡ್ಡ ವೈದ್ಯನಿಗೂ ಎಲ್ಲರನ್ನೂ ನೋಡಲಾಗಲಿಲ್ಲ ಎಂಬುದೇ ನನ್ನ ಹುಡುಗನಿಗೆ ಸಮಾಧಾನ ತಂದಿತು. ಆದರೆ ನಾವು ವಾಪಸು ಕಳಿಸಿದವರು ಎಲ್ಲಿಗಾದರೂ ಹೋಗಲೇಬೇಕಲ್ಲ. ಆ ದಾರಿ ತೋರಿಸುವಷ್ಟು ಹೊತ್ತಾದರೂ ಅವರೊಡನೆ ನಿಲ್ಲಬೇಕು ಎಂದೆ.

ಇಂದಿನ ಅಭ್ಯಾಸ: ಯಾರಿಗಾದರೂ ಆಗುವುದಿಲ್ಲ ಎನ್ನಬೇಕಾಗಿ ಬಂದರೆ, ಅವರ ಮುಖ ನೋಡಿ ಹೇಳೋಣ. ಮುಂದೆ ಎಲ್ಲಿಗೆ ಹೋಗಬಹುದೆಂದೂ ತಿಳಿಸೋಣ.

ಎಲ್ಲರಿಗೂ ಮಂಗಳವಾಗಲಿ. ಸಾಧು, ಸಾಧು, ಸಾಧು 🪷