ಇಂಟರಪ್ಟ್‌ಗೆ ಅಂಜಿದ ಡೈಕ್‌ಸ್ಟ್ರಾ

ಹರಿಹರದ ವರ್ಕ್‌ಶಾಪಿನ ಲೇತ್ ಒಂದಕ್ಕೆ ಮೈಕ್ರೋಕಂಟ್ರೋಲರ್ ಕೂರಿಸಿದ್ದೇವೆ ಎಂದುಕೊಳ್ಳಿ. ವೇಗ ಅಳೆಯುವ ಸೆನ್ಸರ್, ಟೈಮರ್, ನಿಲ್ಲಿಸುವ ಸ್ವಿಚ್ – ಯಾವುದು ಯಾವಾಗ ಕರೆದರೂ ಅದು ಕೈಯಲ್ಲಿರುವ ಕೆಲಸ ಬಿಟ್ಟು ಓಗೊಡಬೇಕು. ಆ ಕರೆಯೇ ಇಂಟರಪ್ಟ್. ಓಗೊಡುವ ಸಿ ಭಾಷೆಯ ತುಣುಕು ಇಂಟರಪ್ಟ್ ಹ್ಯಾಂಡ್ಲರ್. ಮೂರು ಹ್ಯಾಂಡ್ಲರ್‌ಗಳಲ್ಲೂ ಅದೇ ಹತ್ತು ಸಾಲುಗಳಿದ್ದರೆ, ಒಂದರಲ್ಲಿ ತಿದ್ದಿದ ತಪ್ಪು ಉಳಿದೆರಡರಲ್ಲಿ ಹಾಗೇ ಇರುತ್ತದೆ. ಅವನ್ನೆಲ್ಲ ಒಂದೇ ಫಂಕ್ಷನ್‌ಗೆ ಸೇರಿಸಿದರೆ ಮುಗಿಯಿತಲ್ಲವೇ? ಇದು ಅರ್ಧಸತ್ಯ. ಉಳಿದರ್ಧ ಎಡ್ಸ್‌ಗರ್ ಡೈಕ್‌ಸ್ಟ್ರಾ ಅವರ ಬದುಕಿನಲ್ಲಿದೆ.

ಡೈಕ್‌ಸ್ಟ್ರಾ 1930ರಲ್ಲಿ ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿ ಹುಟ್ಟಿದರು. ಲೈಡನ್‌ನಲ್ಲಿ ಭೌತಶಾಸ್ತ್ರ ಓದುತ್ತಿದ್ದಾಗಲೇ, 1952ರಲ್ಲಿ, ಆಮ್‌ಸ್ಟರ್‌ಡ್ಯಾಮ್‌ನ ಗಣಿತ ಕೇಂದ್ರದಲ್ಲಿ ಪ್ರೋಗ್ರಾಮರ್ ಆದರು. 1957ರಲ್ಲಿ ಮದುವೆಯಾದಾಗ ಅಧಿಕಾರಿಗಳು ಅಂಥ ವೃತ್ತಿಯನ್ನು ಒಪ್ಪಲಿಲ್ಲ. ಭೌತವಿಜ್ಞಾನಿ ಎಂದೇ ಬರೆಸಬೇಕಾಯಿತು.

ಆ ಹೊತ್ತಿಗೆ ಅವರ ಸಹೋದ್ಯೋಗಿಗಳು ಎಕ್ಸ್1 ಎಂಬ ಕಂಪ್ಯೂಟರಿಗೆ ಇಂಟರಪ್ಟ್ ಸೇರಿಸಲು ಹೊರಟರು. ಡೈಕ್‌ಸ್ಟ್ರಾ ಅಂಜಿದರು. ಕರೆ ಯಾವ ಕ್ಷಣದಲ್ಲಿ ಬರುವುದೋ ಹೇಳಲಾಗದು. ಹಾಗಾಗಿ ಒಮ್ಮೆ ಕಂಡ ತಪ್ಪು ಮತ್ತೆ ಹುಡುಕಿದರೆ ಸಿಗದು. ಪರೀಕ್ಷಿಸಿ ನೋಡಿದರೆ ಸಾಲದು, ತರ್ಕದಿಂದ ಯೋಚಿಸಿಯೇ ಬರೆಯಬೇಕು. ಕೊನೆಗೆ ಆ ಹ್ಯಾಂಡ್ಲರನ್ನು ಅವರೇ ಬರೆದರು; 1959ರ ಡಾಕ್ಟರೇಟ್ ಪ್ರಬಂಧದ ವಿಷಯವೂ ಅದೇ ಆಯಿತು.

ಮರುವರ್ಷ ಯಾಪ್ ಜೊನ್ನೆವೆಲ್ಡ್ ಜೊತೆಗೂಡಿ ಅದೇ ಯಂತ್ರಕ್ಕೆ ಆಲ್ಗಾಲ್ 60 ಕಂಪೈಲರ್ ಕಟ್ಟಿದರು. ಅದರಲ್ಲಿ ಫಂಕ್ಷನ್ ಪ್ರತಿ ಸಲ ಕರೆದಾಗಲೂ ತನ್ನ ಲೆಕ್ಕಕ್ಕೆ ಸ್ಟ್ಯಾಕ್‌ನಲ್ಲಿ ಹೊಸ ಜಾಗ ಪಡೆಯುತ್ತಿತ್ತು.

ನಮ್ಮ ಲೇತ್‌ಗೂ ಇದೇ ಉತ್ತರ. ಹಂಚಿಕೊಂಡ ಫಂಕ್ಷನ್ ಒಂದೇ ಸ್ಥಿರ ಜಾಗದಲ್ಲಿ ಲೆಕ್ಕವಿಟ್ಟರೆ, ಟೈಮರಿನ ಲೆಕ್ಕ ಅರ್ಧದಲ್ಲಿರುವಾಗ ಹೆಚ್ಚು ಆದ್ಯತೆಯ ಸ್ವಿಚ್ ನುಗ್ಗಿ ಅದನ್ನು ಅಳಿಸಬಹುದು. ಸ್ಟ್ಯಾಕ್‌ನಲ್ಲಿಟ್ಟರೆ ಆ ಭಯವಿಲ್ಲ. ಎಲ್ಲ ಹ್ಯಾಂಡ್ಲರ್‌ಗಳೂ ಬದಲಿಸಲೇಬೇಕಾದ ಎಣಿಕೆಯಿದ್ದರೆ, ಬದಲಿಸುವಷ್ಟು ಹೊತ್ತು ಮಾತ್ರ ಇಂಟರಪ್ಟ್ ತಡೆಹಿಡಿಯಬೇಕು. ದಾವಣಗೆರೆಯ ಎಂಜಿನಿಯರಿಂಗ್ ವಿದ್ಯಾರ್ಥಿಗಳೂ ಬಲ್ಲ 8051 ಚಿಪ್‌ಗೆ ಕೀಲ್ ಕಂಪೈಲರ್ ಬಳಸುವಾಗ ಇನ್ನೊಂದು ಎಚ್ಚರ ಬೇಕು: ಅದು ಫಂಕ್ಷನ್ನಿನ ಒಳಗಿನ ವೇರಿಯಬಲ್‌ಗಳನ್ನೂ ಸಾಮಾನ್ಯವಾಗಿ ಸ್ಥಿರ ಜಾಗದಲ್ಲೇ ಇಡುತ್ತದೆ. ಹಂಚಿಕೊಳ್ಳುವ ಫಂಕ್ಷನ್ 'ರೀಎಂಟ್ರಂಟ್' ಎಂದು ನಾವೇ ನಮೂದಿಸಬೇಕು.

1972ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಪಡೆದ ಡೈಕ್‌ಸ್ಟ್ರಾ 2002ರ ಆಗಸ್ಟ್ 6ರಂದು ತೀರಿಕೊಂಡರು. ಅವರ ಅಂಜಿಕೆ ನಮಗೂ ಇರಲಿ. ಸಾಲುಗಳು ಕಡಿಮೆಯಾದರೆ ಸಾಲದು; ಸ್ವಿಚ್ ಒತ್ತಿದಾಗ ಲೇತ್ ನಿಲ್ಲಲೇಬೇಕು.